ಮೂರು ತಂತಿಯ ಕೇಬಲ್

ಖಾಯಂ ಹುದ್ದೆ ಇದ್ದದ್ದು ಒಂದು, ನಾವಿದ್ದದ್ದು ಇಬ್ಬರು. ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ ಇದನ್ನು ನಮ್ಮಿಬ್ಬರಿಗೂ ಒಟ್ಟಿಗೇ ಹೇಳಿದರು, ಕಾಫಿ ಯಂತ್ರದ ಮುಂದೆ ನಿಂತು, ಹವಾಮಾನದ ಸುದ್ದಿ ಹೇಳುವಷ್ಟು ಸಲೀಸಾಗಿ. ಹೊಸ ಸರ್ವರ್ ಕೂರಿಸುವ ಕೆಲಸ ಕ್ರಿಸ್‌ಮಸ್ ಹೊತ್ತಿಗೆ ಮುಗಿಯುತ್ತದೆ. ನಮ್ಮನ್ನು ಅಲ್ಲಿಗೆ ಕಳಿಸಿದ್ದ ಗುತ್ತಿಗೆ ಕಂಪನಿಯ ಕರಾರೂ ಅಲ್ಲಿಗೆ ಮುಗಿಯುತ್ತದೆ. ಹೊಸ ವರ್ಷದಿಂದ ನಮ್ಮಲ್ಲಿ ಒಬ್ಬರನ್ನು ತಮ್ಮದೇ ನೌಕರರಾಗಿ ಇಟ್ಟುಕೊಳ್ಳಲು ಅವರಿಗೆ ಒಪ್ಪಿಗೆ ಸಿಕ್ಕಿದೆ. "ಯಾರನ್ನು ಎಂದು ಇನ್ನೂ ನಿರ್ಧರಿಸಿಲ್ಲ" ಎಂದು ಹೇಳಿ, ತಮ್ಮ ಕಪ್ಪು ತೊಳೆದು, ಒರೆಸಿ, ಕಪಾಟಿನಲ್ಲಿ ಅದರ ಜಾಗದಲ್ಲೇ ಇಟ್ಟು ಹೋದರು.

ನನ್ನ ಪಕ್ಕ ನಿಂತಿದ್ದವನು ಮೈಸೂರಿನವನು. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಮದುವೆಯಾಗಿರಲಿಲ್ಲ. ಬಂದ ದಿನದಿಂದ ನನ್ನನ್ನು ಅಕ್ಕಾ ಎಂದು ಕರೆಯುತ್ತಿದ್ದ.

"ಬುಡಿ ಅಕ್ಕಾ, ನಿಮ್ಗೇ ಸಿಗೋದು" ಎಂದ.

ಇಂಥ ಮಾತನ್ನು ಸೋಲುವ ಭಯ ಇಲ್ಲದವರು ಮಾತ್ರ ಆಡುತ್ತಾರೆ. ಅಲ್ಲದೆ, ಅಕ್ಕಾ ಎಂದು ಕರೆಯುವವನ ಮೇಲೆ ಹೊಟ್ಟೆಕಿಚ್ಚು ಪಡುವುದರಲ್ಲಿ ಒಂದು ತೊಡಕಿದೆ. ಅದಕ್ಕೆ ಮರ್ಯಾದೆಯೇ ಇರುವುದಿಲ್ಲ.

ಜರ್ಮನಿ ಕಂಪ್ಯೂಟರ್ ಬಲ್ಲವರಿಗೆ ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ವರ್ಷಗಳವು. ಊರು ನ್ಯೂರೆಂಬರ್ಗ್. ನಾವು ಕೆಲಸಕ್ಕಿದ್ದ ಸಂಸ್ಥೆ ಲೇಬ್‌ಕೂಖೆನ್ ಎಂಬ ಬಿಸ್ಕತ್ತನ್ನು ಬಣ್ಣದ ತಗಡಿನ ಡಬ್ಬಿಗಳಲ್ಲಿ ತುಂಬಿ ಅಂಚೆಯಲ್ಲಿ ಕಳಿಸುತ್ತಿತ್ತು. ಜೇನು, ದಾಲ್ಚಿನ್ನಿ, ಲವಂಗ ಹಾಕಿದ, ಅಂಗೈಯಗಲದ ದಪ್ಪ ಬಿಸ್ಕತ್ತು. ಬೇಸಿಗೆಯಲ್ಲಿ ಅರೆನಿದ್ದೆಯಲ್ಲಿರುವ ಅವರ ಪ್ಯಾಕಿಂಗ್ ಹಾಲ್ ಅಕ್ಟೋಬರ್ ಬಂತೆಂದರೆ ಮದುವೆಮನೆ.

ನನಗೆ ಆ ಹುದ್ದೆ ಯಾಕೆ ಬೇಕಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನನ್ನ ಗಂಡ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಮಗಳು ಅವರ ಜೊತೆಗಿದ್ದಳು. ಇಬ್ಬರನ್ನೂ ಕರೆಸಿಕೊಳ್ಳಲು ವಿದೇಶಿಯರ ಕಚೇರಿಗೆ ಹೋದಾಗ ಅಲ್ಲಿನ ಹೆಂಗಸು ನನ್ನ ಕರಾರಿನ ಕೊನೆಯ ಸಾಲಿನ ಮೇಲೆ ಪೆನ್ನಿಟ್ಟು, ಕ್ರಿಸ್‌ಮಸ್‌ಗೆ ಮುಗಿಯುವ ಕೆಲಸದ ಮೇಲೆ ಸಂಸಾರ ಕರೆಸಲಾಗದು, ಮುಂದಿನ ಕರಾರು ತಂದರೆ ನೋಡೋಣ ಎಂದಿದ್ದರು. ಅಂದರೆ ಆ ಹುದ್ದೆಯ ಹಿಂದೆ ನನ್ನ ಗಂಡ ಮತ್ತು ಮಗಳು ನಿಂತಿದ್ದರು. ಮೈಸೂರಿನವನಿಗೆ ಮ್ಯಾನ್‌ಹೈಮ್‌ನಲ್ಲಿ ಗೆಳೆಯರ ದಂಡೇ ಇತ್ತು. ಊಟದ ಬಿಡುವಿನಲ್ಲಿ ಅಂಗಳಕ್ಕೆ ಹೋಗಿ ಮೊಬೈಲಿನಲ್ಲಿ, "ಮಗಾ, ನಿಮ್ಮಲ್ಲೇನಾದ್ರೂ ಓಪನಿಂಗ್ ಇದ್ರೆ ಹೇಳ್ಲಾ" ಎಂದು ಕೂಗುತ್ತಿದ್ದ. ಇಲ್ಲಾಗದಿದ್ದರೆ ಅಲ್ಲಿ. ಅವನಿಗೆ ಎರಡು ಬಾಗಿಲುಗಳಿದ್ದವು. ನನಗಿದ್ದ ಒಂದೇ ಬಾಗಿಲಿನಲ್ಲಿ ಅವನೂ ನಿಂತಿದ್ದ.

ಇನ್ನು ಕೆಲಸದ ವಿಷಯ. ಹಾಲ್‌ನ ಪ್ರತಿ ಪ್ಯಾಕಿಂಗ್ ಮೇಜಿನ ಮೇಲೆ ಒಂದು ಹಳೆಯ ಟರ್ಮಿನಲ್ ಇತ್ತು. ಕಪ್ಪು ಪರದೆ, ಕಿತ್ತಳೆ ಬಣ್ಣದ ಅಕ್ಷರ, ಸ್ವಂತ ಬುದ್ಧಿ ಇಲ್ಲದ ಪೆಟ್ಟಿಗೆ. ಅವೆಲ್ಲ ನೆಲಮಾಳಿಗೆಯ ಹಳೆಯ ಯಂತ್ರವೊಂದಕ್ಕೆ ಉದ್ದುದ್ದ ತಂತಿಗಳಿಂದ ಜೋತುಬಿದ್ದಿದ್ದವು. ಆ ಯಂತ್ರವನ್ನು ತೆಗೆದು ನೆಟ್‌ವರ್ಕ್ ಸರ್ವರ್ ಇಡಬೇಕು, ಮೇಜುಗಳ ಮೇಲೆ ಪಿಸಿ ಇಡಬೇಕು. ಆದರೆ ಆರ್ಡರ್ ನೋಡಿಕೊಳ್ಳುವ ಪ್ರೋಗ್ರಾಂ ಹಳೆಯದೇ. ಅದು ಹಳೆಯ ಟರ್ಮಿನಲ್‌ಗಳ ಜೊತೆ ಮಾತ್ರ ಮಾತಾಡಬಲ್ಲದು. ಹಾಗಾಗಿ ಪಿಸಿಯ ಪರದೆಯಲ್ಲಿ ಒಂದು ಕಿಟಕಿ ತೆರೆದು, ಆ ಕಿಟಕಿ 'ನಾನೇ ಆ ಹಳೆಯ ಟರ್ಮಿನಲ್' ಎಂದು ಸರ್ವರ್ ಮುಂದೆ ವೇಷ ಕಟ್ಟಬೇಕು. ಇದಕ್ಕೆ ಟರ್ಮಿನಲ್ ಎಮ್ಯುಲೇಷನ್ ಎನ್ನುತ್ತಾರೆ. ಇದು ನನ್ನ ಪಾಲು. ತೂಕದ ಯಂತ್ರಗಳು, ವಿಳಾಸದ ಲೇಬಲ್ ಮುದ್ರಿಸುವ ಪ್ರಿಂಟರ್‌ಗಳು ಹಳೆಯವೇ ಉಳಿಯುತ್ತಿದ್ದವು. ಅವನ್ನು ಸೀರಿಯಲ್ ಕೇಬಲ್‌ಗಳಿಂದ ಹೊಸ ಸರ್ವರ್‌ಗೆ ಜೋಡಿಸಬೇಕು. ಅದು ಅವನ ಪಾಲು.

ನಾನು ಈ ಕೆಲಸಕ್ಕೆ ಬಂದದ್ದು ಪತ್ರಿಕಾ ಕಚೇರಿಯಿಂದ. ಹುಬ್ಬಳ್ಳಿಯ ಒಂದು ದಿನಪತ್ರಿಕೆಯಲ್ಲಿ ಸುದ್ದಿಸಂಸ್ಥೆಯ ಸುದ್ದಿ ಒಂದು ಸೀರಿಯಲ್ ತಂತಿಯಲ್ಲಿ ಕಂಪ್ಯೂಟರ್‌ಗೆ ಹರಿದು ಬರುತ್ತಿತ್ತು. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕೈ ಬಿಡುವಿದ್ದಾಗ ಡೆಸ್ಕಿನಲ್ಲಿ ಕೂರಿಸಿ ಸುದ್ದಿ ತಿದ್ದಿಸುತ್ತಿದ್ದರು. ಅಲ್ಲಿ ಕಲಿತದ್ದು ಮೈಗೆ ಅಂಟಿಕೊಂಡಿತು: ನೋಡಿದ್ದನ್ನು ಬರೆ, ವಿಶೇಷಣ ಹೊಡೆದುಹಾಕು, ಯಾರ ವಿರುದ್ಧ ಬರೆಯುತ್ತೀಯೋ ಅವರ ಮಾತನ್ನು ಅಚ್ಚಿಗೆ ಮುಂಚೆ ಕೇಳು. ಈ ಕೊನೆಯ ನಿಯಮ ಮುಂದೆ ಬರುತ್ತದೆ.

ನನ್ನ ಕೆಲಸದಲ್ಲಿ ಹೆಚ್ಚಿನ ಪಾಲು ಕೀಲಿಗಳದ್ದು. ಹಳೆಯ ಟರ್ಮಿನಲ್‌ನ ಕೀಬೋರ್ಡಿನಲ್ಲಿ ಬಲಗಡೆ ಮೂಲೆಯಲ್ಲಿ ಒಂದು ಅಗಲವಾದ ಕೀಲಿ ಇತ್ತು. ಅದನ್ನು ಒತ್ತಿದರೆ ಮುಂದಿನ ಪಾರ್ಸೆಲ್. ಪ್ಯಾಕಿಂಗ್ ಹೆಂಗಸರಲ್ಲಿ ಹಿರಿಯಾಕೆ ಅದನ್ನು ನೋಡದೆಯೇ ಕಿರುಬೆರಳಿನ ಅಂಚಿನಿಂದ ತಟ್ಟುತ್ತಿದ್ದರು, ಎರಡೂ ಕೈಯಲ್ಲಿ ಡಬ್ಬಿ ಇದ್ದಾಗ ಮೊಣಕೈಯಿಂದ. ಪಿಸಿಯ ಕೀಬೋರ್ಡಿನಲ್ಲಿ ಅಂಥ ಕೀಲಿಯೇ ಇರಲಿಲ್ಲ. ಆಕೆಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಒಂದು ಕೀಲಿಗೆ ಆ ಕೆಲಸ ಕೊಡುವುದು, ಆಕೆ ತಟ್ಟುವುದು, ಪಕ್ಕದ ಕೀಲಿಗೂ ಬೆರಳು ತಗಲುವುದು, ಆಕೆ ತಲೆ ಅಲ್ಲಾಡಿಸುವುದು, ಮತ್ತೆ ಬದಲಿಸುವುದು. ಹೀಗೇ ಬೇಸಿಗೆ ಕಳೆಯಿತು. ಕೊನೆಗೆ ಬಲಮೂಲೆಯ ಕೀಲಿಯೊಂದಕ್ಕೆ ಆ ಕೆಲಸ ಕೊಟ್ಟ ದಿನ ಆಕೆ ಪಾರ್ಸೆಲ್ ಮೇಲೆ ಪಾರ್ಸೆಲ್ ಕಳಿಸುತ್ತ ಹೋದರು, ನಿಲ್ಲಿಸಲಿಲ್ಲ. "ಹಳೆಯದರ ಹಾಗೆಯೇ ಇದೆ" ಎಂದರು. ಅಷ್ಟೇ. ನನ್ನ ಕೆಲಸಕ್ಕೆ ಅದಕ್ಕಿಂತ ದೊಡ್ಡ ಯಶಸ್ಸಿಲ್ಲ. ಯಾರೂ ಏನನ್ನೂ ಗಮನಿಸದಿದ್ದರೆ ಅದು ಸರಿಯಾಗಿದೆ ಎಂದರ್ಥ. ಪತ್ರಿಕೆಯಲ್ಲೂ ಹಾಗೇ, ತಿದ್ದಿದ ತಪ್ಪು ಓದುಗರಿಗೆ ಕಾಣುವುದಿಲ್ಲ.

ಅದೇ ಬೇಸಿಗೆಯಲ್ಲಿ ಮೈಸೂರಿನವನು ಏಣಿಯ ಮೇಲಿದ್ದ. ಏಣಿಯ ಮೇಲಿದ್ದವನು ಎಲ್ಲರಿಗೂ ಕಾಣುತ್ತಾನೆ. ತಂತಿ ಎಳೆಯುತ್ತಿದ್ದ, ಕೆಳಗಿನಿಂದ ಹೆಂಗಸರು ಇಕ್ಕಳ ಎತ್ತಿ ಕೊಡುತ್ತಿದ್ದರು, ಅವನು ಅಲ್ಲಿಂದಲೇ ಅವರ ಊರ ಧಾಟಿಯಲ್ಲಿ ಗ್ರ್ಯೂಸ್ ಗಾಟ್ ಎಂದು ನಮಸ್ಕಾರ ಹೇಳುತ್ತಿದ್ದ. ಅವನ ಜರ್ಮನ್ ನನ್ನದಕ್ಕಿಂತ ಕೆಟ್ಟದ್ದು. ನಾನು ಸಂಜೆಯ ತರಗತಿಗೆ ಹೋಗಿ ಕಲಿತವಳು, ನನ್ನ ವಾಕ್ಯಗಳು ಸರಿಯಾಗಿರುತ್ತಿದ್ದವು. ಸರಿಯಾದ ವಾಕ್ಯ ಕೇಳಿ ಯಾರೂ ನಗುವುದಿಲ್ಲ. ಅವನ ವಾಕ್ಯ ಕೇಳಿ ಹಾಲ್ ಪೂರ್ತಿ ನಗುತ್ತಿತ್ತು, ಆಮೇಲೆ ತಿದ್ದಿ ಹೇಳಿಕೊಡುತ್ತಿತ್ತು.

ಶುಕ್ರವಾರ ಮುರಿದ ಬಿಸ್ಕತ್ತುಗಳನ್ನು ಕಾಗದದ ಚೀಲದಲ್ಲಿ ಕಟ್ಟಿ ಕೆಲಸದವರಿಗೆ ಹಂಚುತ್ತಿದ್ದರು. ಮೊದಲ ವಾರ ನನಗೂ ಒಂದು ಚೀಲ ಬಂತು. ಅದರಲ್ಲಿ ಮೊಟ್ಟೆ ಇದೆಯೇ ಎಂದು ಕೇಳಿದೆ, ಇದೆ ಎಂದರು, ವಂದಿಸಿ ಹಿಂದೆ ಕೊಟ್ಟೆ. ಎರಡನೆಯ ವಾರ ಬರಲಿಲ್ಲ. ಮೈಸೂರಿನವನದು ಮಾತ್ರ ವಾರ ವಾರಕ್ಕೂ ದಪ್ಪವಾಗುತ್ತ ಹೋಯಿತು. ಹಿರಿಯಾಕೆ ಚಾಕೊಲೇಟ್ ಮೆತ್ತಿದವನ್ನೇ ಆರಿಸಿ ಹಾಕುತ್ತಿದ್ದರು. ಕೆಲವಂತೂ ಮುರಿದೇ ಇರಲಿಲ್ಲ. ನಾನು ತಿನ್ನದ ತಿಂಡಿಯ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಇದಕ್ಕೆ ತರ್ಕವಿಲ್ಲ ಎಂದು ಆಗಲೂ ಗೊತ್ತಿತ್ತು.

ಸೆಪ್ಟೆಂಬರಿನಲ್ಲಿ ಅವನ ಹುಟ್ಟುಹಬ್ಬ ಬಂತು. ಆ ದೇಶದಲ್ಲಿ ಹುಟ್ಟಿದವರೇ ಕೇಕ್ ತಂದು ಉಳಿದವರಿಗೆ ತಿನ್ನಿಸಬೇಕು. ಅವನಿಗೆ ಇದು ಹೇಗೋ ತಿಳಿದಿತ್ತು. ಎರಡು ಕೇಕ್ ತಂದಿದ್ದ, ಒಂದು ಮೊಟ್ಟೆ ಇಲ್ಲದ್ದು.

"ಅಕ್ಕಾ, ಇದು ನಿಮ್ಗೇ ಅಂತ ಹುಡುಕ್ಬುಟ್ಟು ತಂದೆ. ಊರೆಲ್ಲಾ ಸುತ್ತಿಸ್ತು."

ತಿಂದೆ. ಚೆನ್ನಾಗಿತ್ತು. ಅದೇ ತಿಂಗಳು ನನ್ನ ಹುಟ್ಟುಹಬ್ಬವೂ ಬಂದುಹೋಗಿತ್ತು, ನಾನು ಯಾರಿಗೂ ಹೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಅಲ್ಲಿ ಯಾರೂ ಕೇಳುವುದಿಲ್ಲ, ಹೇಳುವವರಿಗಾಗಿ ಕಾಯುತ್ತಾರೆ.

ಅದರ ಮರುವಾರ ಮುಖ್ಯಸ್ಥೆ ಅವನನ್ನು ಊರ ಅಂಚಿನ ತಮ್ಮ ತೋಟಕ್ಕೆ ಕರೆದರು. ಬಾಡಿಗೆಗೆ ಹಿಡಿದ ಪುಟ್ಟ ತುಂಡು ನೆಲ, ಮರದ ಗುಡಿಸಲು, ಸೇಬಿನ ಗಿಡ, ಅಂಥವು ಅಲ್ಲಿ ಸಾಲಾಗಿ ಇರುತ್ತವೆ. ಬೇಲಿ ಕಟ್ಟಲು ಒಂದು ಕೈ ಬೇಕಿತ್ತಂತೆ. ಸೋಮವಾರ ಬಂದಾಗ ಅವನು ಆಕೆಯನ್ನು 'ನೀವು' ಬಿಟ್ಟು 'ನೀನು' ಎನ್ನುತ್ತಿದ್ದ. ಅಲ್ಲಿ ಅದು ಸಲಿಗೆಯಿಂದ ತಾನಾಗಿ ಬರುವ ಮಾತಲ್ಲ. ಹಿರಿಯರು ಬಾಯಿಬಿಟ್ಟು ಕೊಡಬೇಕು, ಕೊಟ್ಟರೆ ಹಿಂದೆ ತೆಗೆದುಕೊಳ್ಳುವುದಿಲ್ಲ. ನನ್ನನ್ನು ಮುಖ್ಯಸ್ಥೆ ಕೊನೆಯವರೆಗೂ ಶ್ರೀಮತಿ ಸೇರಿಸಿಯೇ ಕರೆಯುತ್ತಿದ್ದರು.

ಆ ಭಾನುವಾರ ಗಂಡ ಫೋನ್ ಮಾಡಿದರು. "ಏನಾತು ಹುದ್ದೇದು?"

"ಇನ್ನೂ ಹೇಳಿಲ್ಲ. ಆದ್ರ ಬೇಲಿ ಕಟ್ಟಾಕ ಅವನ್ನ ಕರದಾರ."

"ಬೇಲೀಗೂ ಕೆಲಸಕ್ಕೂ ಏನ್ ಸಂಬಂಧ?"

ಸಂಬಂಧ ಇದೆ ಎಂದು ವಿವರಿಸಲು ಹೋದೆ. ದೂರವಾಣಿಯಲ್ಲಿ ಅದು ಹುಚ್ಚಿಯ ಮಾತಿನಂತೆ ಕೇಳಿತು. ಬಿಟ್ಟೆ. ಮಗಳು ಫೋನ್ ತೆಗೆದುಕೊಂಡು ಅಲ್ಲಿನ ಶಾಲೆಗೆ ಯೂನಿಫಾರ್ಮ್ ಇಲ್ಲವಂತೆ ಹೌದಾ ಎಂದು ಕೇಳಿದಳು. ಹೌದು ಎಂದೆ.

ಅಕ್ಟೋಬರ್ ಬಂತು. ದೊಡ್ಡ ಕಚೇರಿಗಳು ತಮ್ಮ ಗಿರಾಕಿಗಳಿಗೆಲ್ಲ ಒಂದೊಂದು ಡಬ್ಬಿ ಕಳಿಸಲು ಉದ್ದುದ್ದ ಪಟ್ಟಿ ಕೊಡುವ ಕಾಲ. ಹಾಗೆ ಬಂದ ಮೊದಲ ದೊಡ್ಡ ಪಟ್ಟಿಯಲ್ಲೇ ಲೇಬಲ್‌ಗಳು ಕೆಟ್ಟವು. ಮೊದಲ ಕೆಲವು ಸರಿ ಬರುತ್ತಿದ್ದವು, ಆಮೇಲೆ ನಡುವೆ ಸಾಲುಗಳು ಮಾಯ. ಒಬ್ಬರ ಹೆಸರಿನ ಕೆಳಗೆ ಇನ್ನೊಬ್ಬರ ಬೀದಿ ಬಂದು ಕೂರುತ್ತಿತ್ತು. ಗೊತ್ತಾಗುವ ಹೊತ್ತಿಗೆ ಒಂದಷ್ಟು ಪಾರ್ಸೆಲ್ ಹೋಗಿಯಾಗಿತ್ತು. ಒಬ್ಬ ಹಲ್ಲಿನ ವೈದ್ಯರ ಡಬ್ಬಿ ಶಿಶುವಿಹಾರವೊಂದಕ್ಕೆ ತಲುಪಿತು. ಶಿಶುವಿಹಾರದವರು ಫೋನ್ ಮಾಡಿ ವಂದಿಸಿದರು, ವೈದ್ಯರು ಫೋನ್ ಮಾಡಿ ಬೈದರು.

ಸಭೆಯಲ್ಲಿ ಮುಖ್ಯಸ್ಥೆ ನನ್ನ ಕಡೆ ತಿರುಗಿದರು. "ಹೊಸ ಪರದೆಗಳು ಬಂದ ಮೇಲೆ ಹೀಗಾಗಿದೆ. ನಿಮ್ಮ ಎಮ್ಯುಲೇಷನ್ ಸಾಲುಗಳನ್ನು ನುಂಗುತ್ತಿದೆಯೇ, ದಯವಿಟ್ಟು ನೋಡುತ್ತೀರಾ?"

ನಾನು ಬಾಯಿ ತೆರೆಯುವ ಮೊದಲೇ ಮೈಸೂರಿನವನು, "ಅವರ ಪರದೆ ಸರಿಯಾಗಿರುತ್ತದೆ, ನನಗೆ ಗೊತ್ತು" ಎಂದ. ಅವನಿಗೆ ಗೊತ್ತಿರಲಿಲ್ಲ. ಪರೀಕ್ಷೆ ಮಾಡದೆ ಹೇಳಿದ್ದ. ಅವನ ವಕಾಲತ್ತು ನನಗೆ ಆಪಾದನೆಗಿಂತ ಹೆಚ್ಚು ಚುಚ್ಚಿತು.

ಅಚ್ಚಿನ ತಪ್ಪನ್ನು ಹುಡುಕುವ ಕ್ರಮ ಒಂದಿದೆ. ಮುದ್ರಿತ ಪುಟದಿಂದ ಹಿಂದಕ್ಕೆ, ಕರಡಿಗೆ, ಕರಡಿನಿಂದ ಮೂಲ ಪ್ರತಿಗೆ. ಹಾಗೇ ಮಾಡಿದೆ. ಕೆಟ್ಟ ಲೇಬಲ್ ಕೈಯಲ್ಲಿ ಹಿಡಿದು ಪರದೆ ನೋಡಿದೆ, ವಿಳಾಸ ಪೂರ್ತಿ ಇತ್ತು. ಸರ್ವರ್‌ನಲ್ಲಿ ಕಳಿಸಿದ ಕಡತ ನೋಡಿದೆ, ಪೂರ್ತಿ ಇತ್ತು. ಅಂದರೆ ಸಾಲುಗಳು ಕಳೆಯುತ್ತಿದ್ದದ್ದು ಸರ್ವರ್ ಮತ್ತು ಕಾಗದದ ನಡುವೆ. ಪ್ರಿಂಟರ್ ಮುಂದೆ ಮೊಣಕಾಲೂರಿ ಕೂತು ಅದೇ ಪಟ್ಟಿಯನ್ನು ಮತ್ತೆ ಕಳಿಸಿದೆ. ಪ್ರಿಂಟರ್‌ನ ಮೂತಿಯ ಮೇಲೆ ಒಂದು ಪುಟ್ಟ ದೀಪ ಇರುತ್ತದೆ. ಹೊಟ್ಟೆ ತುಂಬಿದೆ, ಸ್ವಲ್ಪ ತಾಳು ಎಂದು ಹೇಳುವ ದೀಪ. ಅದು ಹತ್ತಿಕೊಂಡಿತು. ಸರ್ವರ್ ತಾಳಲಿಲ್ಲ, ಕಳಿಸುತ್ತಲೇ ಇತ್ತು. ಹಳೆಯ ಯಂತ್ರ ನಿಧಾನದ್ದು, ಅದು ಕಳಿಸುವಷ್ಟನ್ನು ಪ್ರಿಂಟರ್ ಹೇಗೂ ಮುಗಿಸುತ್ತಿತ್ತು. ಹೊಸದಕ್ಕೆ ಅವಸರ. ಬೇಸಿಗೆಯ ಪರೀಕ್ಷೆಗಳಲ್ಲಿ ನಾವು ಕಳಿಸಿದ್ದು ಒಂದೊಂದೇ ಲೇಬಲ್, ಹಾಗಾಗಿ ಹೊಟ್ಟೆ ತುಂಬಿರಲೇ ಇಲ್ಲ.

ಪ್ರಿಂಟರ್ ತಾಳು ಎಂದದ್ದು ಸರ್ವರ್‌ಗೆ ಯಾಕೆ ಕೇಳಲಿಲ್ಲ? ಸ್ಕ್ರೂಡ್ರೈವರ್ ತಂದು ಕೇಬಲ್ಲಿನ ತಲೆಯ ಮುಚ್ಚಳ ಬಿಚ್ಚಿದೆ.

ಒಳಗೆ ಮೂರೇ ತಂತಿ. ಕಳಿಸಲು ಒಂದು, ಪಡೆಯಲು ಒಂದು, ಅರ್ತಿಂಗ್‌ಗೆ ಒಂದು. ತಾಳು ಎಂಬ ಮಾತು ಬರಬೇಕಾದ ಪಿನ್ನಿಗೆ ತಂತಿಯೇ ಇರಲಿಲ್ಲ. ಬದಲಿಗೆ, ಸರ್ವರ್ 'ಕಳಿಸಲೇ?' ಎಂದು ಕೇಳುವ ಪಿನ್ನನ್ನು ಉತ್ತರ ಬರುವ ಪಿನ್ನಿಗೆ ಒಂದು ಚೂರು ತಂತಿಯಿಂದ ಬೆಸೆಯಲಾಗಿತ್ತು. ಸರ್ವರ್ ತಾನೇ ಕೇಳುತ್ತಿತ್ತು, ತಾನೇ ಹೂಂ ಎಂದುಕೊಳ್ಳುತ್ತಿತ್ತು.

ನೋಡಿದ ಕ್ಷಣವೇ ಗುರುತು ಸಿಕ್ಕಿತು. ಅದು ನಮ್ಮ ಕೇಬಲ್. ಜರ್ಮನಿಯಲ್ಲಿ ಆ ಕೇಬಲ್ಲನ್ನು ಯಾರೂ ಮಾಡುವುದಿಲ್ಲ, ಪೂರ್ತಿ ತಂತಿಗಳದ್ದು ಅಂಗಡಿಯ ಕೊಕ್ಕೆಯಲ್ಲಿ ನೇತಾಡುತ್ತಿರುತ್ತದೆ. ನಮ್ಮಲ್ಲಿ ಕಂಪ್ಯೂಟರ್ ಕಲಿಸುವ ಪ್ರತಿ ಇನ್‌ಸ್ಟಿಟ್ಯೂಟಿನಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಪ್ರತಿ ರಿಪೇರಿ ಮೇಜಿನ ಮೇಲೆ ಹೇಳಿಕೊಡುತ್ತಿದ್ದದ್ದು ಅದನ್ನೇ. ಟೆಲಿಫೋನ್ ತಂತಿಯಲ್ಲಿ ಮೂರೆಳೆ ತೆಗೆದುಕೋ, ಉಳಿದ ಪಿನ್‌ಗಳನ್ನು ಒಳಗೊಳಗೇ ಶಾರ್ಟ್ ಮಾಡು, ಸಾಕು. ಸಾಕಾಗುತ್ತಿತ್ತು ಕೂಡ. ಹುಬ್ಬಳ್ಳಿಯ ನಮ್ಮ ಸುದ್ದಿಯ ತಂತಿಯೂ ಅಂಥದ್ದೇ. ಸುದ್ದಿಸಂಸ್ಥೆಗೆ ತಾಳು ಎಂದು ಹೇಳುವ ಪ್ರಸಂಗ ನಮಗೆ ಬರುತ್ತಲೇ ಇರಲಿಲ್ಲ. ಕೇಬಲ್ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಬಂದದ್ದು ಅವನ ಪಾಲಿಗೆ.

ನನಗಾದದ್ದು ಸಂತೋಷ. ಬೇರೆ ಪದ ಬಳಸಿದರೆ ವರದಿ ತಪ್ಪಾಗುತ್ತದೆ.

ಮೇಜಿಗೆ ಹೋಗಿ ವರದಿ ಬರೆಯಲು ಕೂತೆ. ಏನಾಯಿತು, ಎಲ್ಲಿ, ಹೇಗೆ ಗೊತ್ತಾಯಿತು, ಏನು ಮಾಡಬೇಕು. ಒಂದು ವಿಶೇಷಣ ಇಲ್ಲ. ಯಾರು ಎಂಬ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಅವನ ಮಾತನ್ನು ಕೇಳದೆ ಅವನ ಬಗ್ಗೆ ಬರೆಯುವಂತಿರಲಿಲ್ಲ. ಎದ್ದು ಹೋದೆ. ಅವನು ನೆಲಮಾಳಿಗೆಯಲ್ಲಿ ಸರ್ವರ್ ಹಿಂದೆ ಕೂತು ಸೇಬು ತಿನ್ನುತ್ತಿದ್ದ, ಮುಖ್ಯಸ್ಥೆಯ ತೋಟದ್ದು.

ಬಿಚ್ಚಿದ ಕೇಬಲ್ ಅವನ ಮುಂದೆ ಹಿಡಿದೆ. "ಇದನ್ನ ನೋಡಪಾ. ಪ್ರಿಂಟರ್ ತಾಳು ಅಂದ್ರ ಸರ್ವರ್‌ಗೆ ಕೇಳಾಂಗಿಲ್ಲ. ಸಾಲು ಹೋಗಾಕ ಇದ ಕಾರಣ. ನಾ ರಿಪೋರ್ಟ್ ಬರಿಯಾಕತ್ತೀನಿ. ನೀ ಏನರ ಹೇಳೂದು ಐತೇನು?"

ಅವನು ಸೇಬು ಬಾಯಲ್ಲಿ ಕಚ್ಚಿಕೊಂಡೇ ಕೇಬಲ್ ತಿರುಗಿಸಿ ನೋಡಿದ. ಆಮೇಲೆ ಸೇಬು ತೆಗೆದು ಹಣೆ ಬಡಿದುಕೊಂಡ.

"ಅಯ್ಯೋ ಅಕ್ಕಾ! ಇನ್‌ಸ್ಟಿಟ್ಯೂಟ್ ಕೇಬಲ್ಲು! ಕೈ ತಾನಾಗೇ ಮಾಡ್ಬುಟ್ಟದೆ ನೋಡಿ. ಒಂದೂ ಬುಟ್ಟಿಲ್ಲ, ಹಾಲ್ ಪೂರ್ತಿ ಇದೇಯ."

"ಹಾಲ್ ಪೂರ್ತಿ?"

"ಒಂದೇ ಮಧ್ಯಾಹ್ನಕ್ಕೆ ಮುಗಿಸ್ದೆ ಅಂತ ಅವತ್ತು ಎಲ್ರೂ ಹೊಗಳಿದ್ರಲ್ಲ. ಮೂರೇ ತಂತಿ ಬೆಸುದ್ರೆ ಇನ್ನೇನ್ ಸಂಜೆ ಆಯ್ತದಾ?" ಜೋರಾಗಿ ನಕ್ಕ. "ದೊಡ್ಡ ಉಪಕಾರ ಆಯ್ತು ಅಕ್ಕಾ. ನಾನಂತೂ ಇದ್ನ ನೋಡ್ತಾನೇ ಇರ್ಲಿಲ್ಲ."

ಅವನ ಹೇಳಿಕೆ ಸಿಕ್ಕಿತು. ಮೇಲೆ ಬಂದು ವರದಿ ಪೂರ್ತಿ ಮಾಡಿದೆ. ಒಮ್ಮೆ ಓದಿ ಜರ್ಮನ್ ತಿದ್ದಿದೆ. ಮತ್ತೊಮ್ಮೆ ಓದಿದೆ. ಪ್ರತಿ ತೆಗೆದುಕೊಂಡು ಮುಖ್ಯಸ್ಥೆಯ ಕೋಣೆಗೆ ಹೋದರೆ ಅವರು ಅಲ್ಲಿರಲಿಲ್ಲ. ಹಾಲ್‌ನಲ್ಲಿದ್ದರು. ಪ್ರಿಂಟರ್ ಪಕ್ಕ ನೆಲದ ಮೇಲೆ ಅವರು, ಅವರ ಎದುರು ಮೈಸೂರಿನವನು, ನಡುವೆ ಬಿಚ್ಚಿದ ಕೇಬಲ್, ರಟ್ಟಿನ ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ ಬರೆದ ಹೊಸ ಕೇಬಲ್ಲಿನ ನಕ್ಷೆ. ಸುತ್ತ ಹೆಂಗಸರು. ಅವನು ತನ್ನ ಮುರುಕು ಜರ್ಮನ್‌ನಲ್ಲಿ, ಸರ್ವರ್ ಕೇಳುವುದು, ಸರ್ವರೇ ಹೂಂ ಎನ್ನುವುದು, ಪ್ರಿಂಟರ್ ಪಾಪ ಬಾಯಿ ಬಡಿದುಕೊಳ್ಳುವುದು, ಎಲ್ಲವನ್ನೂ ಅಭಿನಯಿಸಿ ತೋರಿಸುತ್ತಿದ್ದ. ಹಲ್ಲಿನ ವೈದ್ಯರ ಭಾಗ ಬಂದಾಗ ಹಿರಿಯಾಕೆ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಮುಖ್ಯಸ್ಥೆ ನನ್ನನ್ನು ನೋಡಿ ಎದ್ದರು. "ತಪ್ಪು ತನ್ನದು ಎಂದು ತಾನಾಗಿ ಬಂದು ಹೇಳಿದ. ಹಾಗೆ ಬಂದು ಹೇಳುವವರು ಎಷ್ಟು ಜನ ಇದ್ದಾರೆ ಹೇಳಿ?"

"ಕಂಡುಹಿಡಿದದ್ದು ಅವರು" ಎಂದು ಅವನು ನೆಲದಿಂದಲೇ ನನ್ನ ಕಡೆ ಬೆರಳು ತೋರಿಸಿದ. "ನಾನಲ್ಲ, ಅವರು."

"ಹೌದು, ಹೇಳಿದ" ಎಂದು ಮುಖ್ಯಸ್ಥೆ ನನ್ನ ವರದಿ ತೆಗೆದುಕೊಂಡರು. ನಿಂತಲ್ಲೇ ಓದಿದರು. "ತುಂಬ ಕ್ರಮಬದ್ಧವಾಗಿದೆ" ಎಂದು ಕಂಕುಳಲ್ಲಿ ಸೇರಿಸಿ ಮತ್ತೆ ನೆಲದ ಮೇಲೆ ಕೂತರು.

ನಿಯಮದ ಪ್ರಕಾರ ಅವನ ಮಾತು ಕೇಳಿದೆ. ಕೇಳಿದ್ದರಿಂದ ಅವನಿಗೆ ಸುದ್ದಿ ಸಿಕ್ಕಿತು. ನಾನು ವಾಕ್ಯ ತಿದ್ದುತ್ತಿದ್ದಾಗ ಅವನು ಮೆಟ್ಟಿಲು ಹತ್ತಿದ. ನನ್ನ ಸುದ್ದಿಯನ್ನು ನನಗಿಂತ ಮೊದಲು ಕೊಟ್ಟವನು ಅದೇ ಸುದ್ದಿಯ ಆರೋಪಿ. ಅವನು ಕದ್ದಿದ್ದರೆ ಸಿಟ್ಟು ಮಾಡಬಹುದಿತ್ತು. ನನ್ನ ಪಾಲು ನನಗೆ ಕೊಟ್ಟೇ ಹೇಳಿದ್ದ, ಎಲ್ಲರೆದುರು. ದೂರು ಬರೆಯಲು ಒಂದು ಸಾಲನ್ನೂ ಉಳಿಸಿರಲಿಲ್ಲ.

ಶನಿವಾರ ರಜೆ ಬಿಟ್ಟು ಬಂದು ಎಲ್ಲ ಕೇಬಲ್‌ಗಳನ್ನೂ ಹೊಸದಾಗಿ ಬೆಸೆದೆವು, ಏಳು ತಂತಿಯವು. ಮುಖ್ಯಸ್ಥೆ ತಂತಿಯ ತುದಿ ಸುಲಿದು ಕೊಡುತ್ತಿದ್ದರು. ನಾವಿಬ್ಬರೂ ಬೆಸೆಯುತ್ತಿದ್ದೆವು. ನನ್ನ ಬೆಸುಗೆಗಳು ಗಟ್ಟಿಯಾಗಿದ್ದವು, ಮಂಕಾಗಿದ್ದವು. ಅವನವು ಹನಿಯ ಹಾಗೆ ಹೊಳೆಯುತ್ತಿದ್ದವು. ಎರಡೂ ಒಂದೇ ಕೆಲಸ ಮಾಡುತ್ತವೆ. ಆದರೂ ಮುಚ್ಚಳ ಹಾಕುವ ಮೊದಲು ಮುಖ್ಯಸ್ಥೆ ನೋಡುತ್ತಿದ್ದದ್ದು ಅವನದನ್ನು, ಹಾಗೆಂದು ನನಗೆ ಅನ್ನಿಸಿತು. ಇದನ್ನು ನಾನು ಖಚಿತಪಡಿಸಲಾರೆ.

ನವೆಂಬರಿನಲ್ಲಿ ಮೊದಲು ಅವನನ್ನು ಕರೆದರು. ಬಾಗಿಲು ಹಾಕಿಕೊಂಡಿತು. ಅವನು ಹೊರಬಂದು ನನ್ನ ಕಡೆ ಕೈಯೆತ್ತಿ ಅಂಗಳಕ್ಕೆ ಹೋದ. ಉತ್ತರ ನನಗೆ ಅಲ್ಲಿಗೇ ತಿಳಿಯಿತು. ಗಂಡನಿಗೆ ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟಿಕೊಂಡೆ, ಮಗಳಿಗೆ ಹೇಳಬೇಕಾದದ್ದು ಸಿಗಲಿಲ್ಲ. ಮರುದಿನ ನನ್ನನ್ನೂ ಕರೆದರು.

"ಹುದ್ದೆ ನಿಮ್ಮದು" ಎಂದರು ಮುಖ್ಯಸ್ಥೆ. ಕರಾರನ್ನು ನನ್ನ ಮುಂದೆ ಸರಿಸಿ ಮುಂದುವರಿಸಿದರು. ಅವರ ಪ್ರಾಮಾಣಿಕತೆ ಆ ದೇಶದ್ದು, ಅದಕ್ಕೆ ಹೊದಿಕೆ ಇರುವುದಿಲ್ಲ. "ನಿಮಗೆ ಗೊತ್ತಿರಬೇಕು. ಮೊದಲು ಅವನನ್ನು ಕೇಳಿದೆ. ಅವನು ಮ್ಯಾನ್‌ಹೈಮ್‌ಗೆ ಹೋಗುತ್ತಾನಂತೆ. ನಿಮ್ಮನ್ನು ಬಿಟ್ಟರೆ ಈ ಹಾಲ್ ನಿಲ್ಲುತ್ತದೆ ಎಂದ. ಅದು ನಿಜವೂ ಹೌದು."

ವಂದಿಸಿ ಸಹಿ ಮಾಡಿದೆ. ಸಹಿ ಸರಿಯಾಗಿಯೇ ಬಂತು.

ಸಂಜೆ ಫೋನಿನಲ್ಲಿ ಗಂಡ ಕುಣಿದಾಡಿದರು. ಎಲ್ಲ ಕೇಳಿದ ಮೇಲೆ, "ಆ ಹುಡುಗ ನಿನ್ನ ಸಲುವಾಗಿ ಬಿಟ್ಟುಕೊಟ್ಟಾನ ನೋಡು. ದೊಡ್ಡ ಮನಸು" ಎಂದರು.

ನನಗೆ ಅದೊಂದೇ ಬಾಕಿ ಇತ್ತು. ಮರುದಿನ ಅವನನ್ನು ಅಂಗಳದಲ್ಲಿ ಹಿಡಿದೆ.

"ಖರೇ ಹೇಳು. ನನ್ನ ಸಲುವಾಗಿ ಬಿಟ್ಟೀಯೇನು?"

"ಎಲ್ಲಾದ್ರೂ ಉಂಟಾ ಅಕ್ಕಾ! ಅಲ್ಲಿ ನಮ್ಮ ಹುಡುಗ್ರದ್ದು ಕ್ರಿಕೆಟ್ ಟೀಮ್ ಅದೆ. ವಿಕೆಟ್ ಕೀಪರ್ ಇಲ್ಲ ಅಂತ ಎಷ್ಟ್ ದಿನದಿಂದ ಜೀವ ತಿಂತಾವ್ರೆ."

"ಕ್ರಿಕೆಟ್ ಸಲುವಾಗಿ ಖಾಯಂ ನೌಕರಿ ಬಿಡ್ತಾರೇನು?"

"ನಿಮ್ಗೆ ಕೀಪರ್ ಬೆಲೆ ಗೊತ್ತಿಲ್ಲ, ಬುಡಿ" ಎಂದು ನಕ್ಕ.

ಅವನ ಮಾತನ್ನು ಹೌದೆನ್ನಲು ನನ್ನ ಬಳಿ ಎರಡನೆಯ ಮೂಲ ಇರಲಿಲ್ಲ. ಒಂದೇ ಮೂಲದ ಸುದ್ದಿಯನ್ನು ನಾವು ಹಾಕುತ್ತಿರಲಿಲ್ಲ. ಇವತ್ತಿಗೂ ಅದು ಹಾಕದ ಸುದ್ದಿಯಾಗಿಯೇ ಉಳಿದಿದೆ. ನಾನು ಎರಡೂ ಕೈ ಚಾಚಿ ನಿಂತದ್ದನ್ನು ಅವನು ನಗುತ್ತ ಬಿಟ್ಟುಹೋದ ಎಂಬುದಷ್ಟೇ ಖಚಿತ.

ವಸಂತಕಾಲದಲ್ಲಿ ಗಂಡ, ಮಗಳು ಬಂದರು. ಮಗಳು ಬೇಗ ಜರ್ಮನ್ ಕಲಿತಳು, ನಾನು ಹುಬ್ಬಳ್ಳಿ ಮಾತಿನಲ್ಲಿ ಕೇಳಿದ್ದಕ್ಕೆ ಆ ಭಾಷೆಯಲ್ಲೇ ಉತ್ತರ ಕೊಡತೊಡಗಿದಳು. ವಿಮಾನ ನಿಲ್ದಾಣದಲ್ಲಿ ಅವರಿಬ್ಬರು ಬಾಗಿಲಿನಿಂದ ಹೊರಬಂದ ಗಳಿಗೆಯಲ್ಲಿ ನನಗೆ ಮೈಸೂರಿನವನ ನೆನಪು ಇರಲಿಲ್ಲ. ಅದೊಂದು ಗಳಿಗೆ ಪೂರ್ತಿ ನನ್ನದು.

ಅಕ್ಟೋಬರ್ ಮತ್ತೆ ಬಂತು. ಒಂದು ಶುಕ್ರವಾರ ಹಿರಿಯಾಕೆ ಕಾಗದದ ಚೀಲವೊಂದನ್ನು ಹಿಡಿದು ನನ್ನ ಮೇಜಿಗೆ ಬಂದರು. ಒಂದು ವರ್ಷದ ಮೇಲೆ ನನಗೂ ಬಂತಲ್ಲ ಎಂದು ಎದ್ದುನಿಂತೆ. ಮೊಟ್ಟೆಯ ಮಾತು ಈ ಬಾರಿ ಎತ್ತಬಾರದು ಎಂದೂ ನಿಶ್ಚಯಿಸಿದೆ.

"ನಿಮ್ಮ ತಮ್ಮನಿಗೆ ಕಳಿಸುತ್ತೀರಾ?" ಎಂದರು. "ಚಾಕೊಲೇಟ್‌ನವೇ ಹಾಕಿದ್ದೇನೆ."

ತಮ್ಮ ಅಲ್ಲ ಎಂದು ತಿದ್ದಲು ಹೋಗಿ ಬಿಟ್ಟೆ. ಖಾಲಿ ಡಬ್ಬಿಯೊಂದಕ್ಕೆ ತುಂಬಿ, ಪರದೆಯಲ್ಲಿ ಅವನ ವಿಳಾಸ ಹೊಡೆದೆ. ಆ ದೇಶದ ಮಟ್ಟಿಗೆ ಉದ್ದವಾದ ವಿಳಾಸ. ಅವನ ಹೆಸರು, ಅಪ್ಪನ ಹೆಸರು, ಮನೆ ಹಂಚಿಕೊಂಡಿದ್ದ ಗೆಳೆಯರ ಹೆಸರುಗಳು, ಬೀದಿ, ಊರು. ಬಲಮೂಲೆಯ ಕೀಲಿ ತಟ್ಟಿದೆ. ಆಗ ದೊಡ್ಡದೊಂದು ಪಟ್ಟಿ ಅಚ್ಚಾಗುತ್ತಿತ್ತು, ಪ್ರಿಂಟರ್‌ನ ದೀಪ ಹತ್ತಿತು, ಆರಿತು, ಹತ್ತಿತು. ಸರ್ವರ್ ಪ್ರತಿ ಸಲವೂ ತಾಳುತ್ತಿತ್ತು. ಪಟ್ಟಿ ಮುಗಿದ ಮೇಲೆ ಅವನ ಲೇಬಲ್ ಹೊರಬಂತು. ಹರಿದು ತೆಗೆದುಕೊಂಡು, ಪರದೆಯ ಜೊತೆ ಇಟ್ಟು, ಸಾಲಿಗೆ ಸಾಲು ಹೋಲಿಸಿ ಓದಿದೆ. ಒಂದೂ ತಪ್ಪಿರಲಿಲ್ಲ. ಮತ್ತೊಮ್ಮೆ ಓದಿ, ಅಂಟಿಸಿದೆ.